ಫೈಬರ್ ಬಾಡಿ ಕಾರು ರಿಪೇರಿಗೆ ಕೊಡೋ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಫೈಬರ್ ಬಾಡಿಯ ಹಳೇ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿದ್ದರೆ ನೀವೇ ಹೊಂದಿಸಿಕೊಳ್ಳಿ. ₹1,40,000 ಕೊಟ್ಟು ನನ್ನ ಸ್ಯಾನ್ ಸ್ಟಾರ್ಮ್‌ಗೆ ಪುಟ್ಟಿ ಮೆತ್ತಿಸಿಕೊಂಡು ಬಂದಿದ್ದೇನೆ. ಬರೀ ಪುಟ್ಟಿ.

ಸ್ಟಾರ್ಮ್ ನೋಡಿಲ್ಲದವರಿಗೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾಗಿ ಬಂದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. 1149 ಸಿಸಿಯ ರೆನೋ ಎಂಜಿನ್, ಬಟ್ಟೆ ಟಾಪು, ಮೈಯೆಲ್ಲಾ ಫೈಬರ್‌ಗ್ಲಾಸ್. ಬಾನೆಟ್ ಒಡೆದರೆ ಜೆ.ಸಿ. ರೋಡಿಗೆ ಹೋಗಿ ಹೊಸದು ತರೋಕೆ ಇದೇನು ಮಾರುತಿ ಅಲ್ಲವಲ್ಲ. ಇರೋ ಬಾಡಿಯನ್ನೇ ಉಳಿಸಿಕೊಳ್ಳಬೇಕು. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರೋದು.

ಹೆಡ್‌ಲ್ಯಾಂಪ್ ಸುತ್ತ, ಬಾಗಿಲ ಹಿಂಜ್ ಹತ್ತಿರ, ಹಿಂದಿನ ಚಕ್ರದ ಮೇಲೆ ಕೂದಲೆಳೆ ಬಿರುಕುಗಳಿದ್ದವು. ಗ್ಯಾರೇಜಿನವರು ಹೇಳಿದ್ದು, "ಸಾರ್, ಡಾಲ್ಫಿನ್ ಕಾಲದಿಂದ ಫೈಬರ್ ಮಾಡ್ತಿದ್ದೀವಿ, ನಮ್ಮ ಮೇಸ್ತ್ರಿಗೆ ಇದೆಲ್ಲ ನೀರು ಕುಡಿದಂಗೆ." ಸಿಪಾನಿ ಕಂಪನಿಯವರ ಹಳೇ ಕಾರುಗಳಾದ ಬಾದಲ್, ಡಾಲ್ಫಿನ್ ಎಲ್ಲ ಫೈಬರ್ ಬಾಡಿಯವೇ, ಬೆಂಗಳೂರಿನವೇ. ಈ ಊರಿನಲ್ಲಿ ಫೈಬರ್ ಗೊತ್ತಿರೋ ಹಳೇ ಕೈಗಳು ಇರೋದಂತೂ ನಿಜ. ಇವರ ಬಾಯಲ್ಲಿ ಕೆಲಸದ ಮಾತೂ ಸರಿಯಾಗಿಯೇ ಬಂತು. ಪೇಂಟ್ ರಿಮೂವರ್ ಹಾಕಲ್ಲ, ಅದು ಫೈಬರ್ ಎಳೆಗಳನ್ನು ಹಿಡಿದಿಡೋ ಅಂಟನ್ನೇ, ಅಂದರೆ ರೆಸಿನ್ನನ್ನೇ ತಿನ್ನುತ್ತೆ, ಕೈಯಲ್ಲೇ ಉಜ್ಜುತ್ತೇವೆ ಅಂದರು. ಬಿರುಕನ್ನು ಗ್ರೈಂಡರ್‌ನಲ್ಲಿ ಅಗಲವಾಗಿ ತೆಗೆದು, ಒಳಗಿನಿಂದ ಮ್ಯಾಟ್ (ಗಾಜಿನ ಎಳೆಯ ಹಾಸು) ಕೂರಿಸಿ, ರೆಸಿನ್ ಹೊಡೆದು, ಪೂರ್ತಿ ಗಟ್ಟಿಯಾದ ಮೇಲೆ ಪ್ರೈಮರ್ ಅಂದರು. ಇದೇ ಸರಿಯಾದ ಕ್ರಮ. ಬಿರುಕು ಇರೋದು ಬಣ್ಣದಲ್ಲಿ ಮಾತ್ರ ಅಲ್ಲ, ಕೆಳಗಿನ ಪದರದಲ್ಲೂ ಇರಬಹುದು. ಮೇಲೆ ಪುಟ್ಟಿ ತುಂಬಿದರೆ ಗಾಡಿ ಅಲುಗಾಡಿದ ಹಾಗೆ ಮತ್ತೆ ಅದೇ ಜಾಗದಲ್ಲಿ ಬಿಡುತ್ತೆ. ಇದನ್ನು ನನಗೆ ಅವರೇ ಪಾಠ ಮಾಡಿದರು ಸ್ವಾಮಿ! ಅವರೇ!

ಕಾರು ಬಿಡುವಾಗ ಒಂದು ಬಿರುಕೂ ತಪ್ಪಿಹೋಗಬಾರದು ಅಂತ ಕಪ್ಪು ಮಾರ್ಕರ್‌ನಲ್ಲಿ ಪ್ರತಿಯೊಂದರ ಸುತ್ತ ಗೆರೆ ಎಳೆದು ಕೊಟ್ಟೆ. ಮೇಸ್ತ್ರಿ ನಕ್ಕು, "ಒಳ್ಳೇದಾಯ್ತು ಬಿಡಿ ಸಾರ್, ನಮಗೆ ಹುಡುಕೋ ಕೆಲಸ ತಪ್ತು" ಅಂದ.

ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಬರತೊಡಗಿತು. ಗ್ರೈಂಡರ್ ಹಿಡಿದ ಕೈ, ಬಿಳೀ ಧೂಳು, ಮ್ಯಾಟ್ ಮೇಲೆ ಬ್ರಷ್. ಫೋಟೋ ಬಂದ ಹಿಂದೆಯೇ ಫೋನು, "ಸಾರ್, ರೆಸಿನ್‌ಗೆ ಸ್ವಲ್ಪ ಹಾಕಿ." ಹಾಕಿದೆ. "ಮ್ಯಾಟ್ ಜಾಸ್ತಿ ಹಿಡೀತು ಸಾರ್." ಮತ್ತೆ ಹಾಕಿದೆ. ಈಗ ಆ ಫೋಟೋಗಳನ್ನು ತೆಗೆದು ನೋಡಿದರೆ ಎಲ್ಲಾ ಕ್ಲೋಸಪ್. ಒಂದರಲ್ಲೂ ಕಾರಿನ ಮೂತಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ನನ್ನ ಕೆಂಪು ಬಣ್ಣದ ಒಂದು ಅಂಚೂ ಇಲ್ಲ. ಯಾರ ಗಾಡಿಯೋ, ಯಾವ ಬಸ್ಸಿನ ಬಂಪರೋ.

ಕಾರು ವಾಪಸ್ ಬಂದಾಗ ಮಾತ್ರ ಕನ್ನಡಿ. ಅಪಾರ್ಟ್‌ಮೆಂಟಿನವರೆಲ್ಲ ಬಂದು ಫೋಟೋ ತೆಗೆಸಿಕೊಂಡರು. ನಾನೂ ಎಲ್ಲರ ಮುಂದೆ ಆ ಗ್ಯಾರೇಜನ್ನು ಹೊಗಳಿದ್ದೇ ಹೊಗಳಿದ್ದು. ಅದನ್ನು ನೆನೆಸಿಕೊಂಡರೆ ಈಗ ಲಿಫ್ಟ್‌ನಲ್ಲಿ ಮುಖ ಎತ್ತೋಕೆ ಆಗುತ್ತಿಲ್ಲ.

ಒಂದು ಭಾನುವಾರ ಡಿಕ್ಕಿಯ ಬಾಗಿಲು ಮುಚ್ಚಿದೆ, ಅಷ್ಟೇ. ಟಪ್ ಅಂತ ಶಬ್ದ. ಹಿಂದಿನ ಚಕ್ರದ ಮೇಲಿಂದ ಒಂದು ಚೂರು ಎದ್ದು ನೆಲಕ್ಕೆ ಬಿತ್ತು. ಎತ್ತಿಕೊಂಡರೆ ಮಾರಿ ಬಿಸ್ಕೆಟ್‌ನಷ್ಟು ದಪ್ಪ. ಮೇಲೆ ಹೊಸ ಕೆಂಪು, ಅದರ ಕೆಳಗೆ ಪ್ರೈಮರ್, ಮಿಕ್ಕಿದ್ದೆಲ್ಲ ಪುಟ್ಟಿ. ಅದು ಎದ್ದ ಜಾಗ ನೋಡಿದೆ. ಹಳೇ ಬಣ್ಣ ಹಾಗೇ ಇತ್ತು. ಹಳೇ ಬಿರುಕು ಹಾಗೇ ಇತ್ತು. ಬಿರುಕಿನ ಸುತ್ತ ನಾನೇ ಎಳೆದ ಮಾರ್ಕರ್ ಗೆರೆ ಅರ್ಧ ಕಾಣುತ್ತಿತ್ತು! ಗ್ರೈಂಡರ್ ಬಿಡಿ, ಉಪ್ಪು ಕಾಗದ ಕೂಡ ತಾಗಿಸಿಲ್ಲ. ಹಳೇ ಪೇಂಟ್ ಮೇಲೇ, ನನ್ನ ಗೆರೆಯ ಮೇಲೇ, ಪುಟ್ಟಿ ಬಳಿದಿದ್ದಾರೆ.

ಡಿಕ್ಕಿಯೊಳಗಿನ ಕಾರ್ಪೆಟ್ ಎತ್ತಿ ಆ ಪ್ಯಾನೆಲ್‌ನ ಹಿಂಭಾಗಕ್ಕೆ ಕೈ ಹಾಕಿದೆ. ಹೊಸದಾಗಿ ಮ್ಯಾಟ್ ಕೂರಿಸಿದ್ದರೆ ಎಳೆ ಕೈಗೆ ಚುಚ್ಚಬೇಕು. ಕೈಗೆ ಸಿಕ್ಕಿದ್ದು ಹಳೇ ಧೂಳು ಮತ್ತು ಜೇಡರ ಬಲೆ. ಟಾರ್ಚ್ ಬಿಟ್ಟು ನೋಡಿದೆ, ನನ್ನ ಕೈ ತಾಗಿದ ಕಡೆ ಬಿಟ್ಟರೆ ಬಲೆಯ ಒಂದು ಮೂಲೆಯೂ ಹರಿದಿರಲಿಲ್ಲ. ಮೂರು ತಿಂಗಳು ಗ್ಯಾರೇಜಿನಲ್ಲಿ ನಿಂತಿದ್ದ ಕಾರಿನ ಒಳಗೆ ಒಬ್ಬರೂ ಕೈ ಹಾಕಿಲ್ಲ.

ಫೋನ್ ಮಾಡಿದೆ. ಉತ್ತರ ಕೇಳಿ.

"ಬಿಸಿಲಲ್ಲಿ ನಿಲ್ಲಿಸಿದ್ರಾ ಸಾರ್?" ಅಂದರು. ಕಾರು ಸಾರ್, ಬಿಸಿಲಲ್ಲಿ ನಿಲ್ಲಿಸದೆ ಫ್ರಿಜ್‌ನಲ್ಲಿ ಇಡಲಾ?

"ಫೈಬರ್ ಅಂದ್ರೆ ಹಂಗೇ ಸಾರ್, ಅದು ಉಸಿರಾಡುತ್ತೆ." ಇದನ್ನು ಎರಡು ಸಲ ಹೇಳಿದರು. ಉಸಿರಾಡುತ್ತಂತೆ!

ಮಾರ್ಕರ್ ಗೆರೆಯ ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಸಂಜೆ ಬಂತು, "ಅದು ಹುಡುಗರು ಗುರುತಿಗೆ ಹಾಕಿದ್ದು ಸಾರ್." ನನ್ನ ಗೆರೆ ನನಗೆ ಗೊತ್ತಿಲ್ವಾ? ನೇರವಾಗಿ ಹೋಗಿ ನಿಂತೆ. ಮೇಸ್ತ್ರಿ ಊರಿಗೆ ಹೋಗಿದ್ದಾನಂತೆ. ಓನರ್ ಕುರ್ಚಿ ಹಾಕಿಸಿ, ಟೀ ತರಿಸಿ, ತಣ್ಣಗೆ ಹೇಳಿದ್ದು ಇದು. "ನೋಡಿ ಸಾರ್, ಇದು ಶೋಕಿ ಗಾಡಿ. ನಿಮ್ಮ ಮುಖ ನೋಡಿ ಕಮ್ಮಿಗೆ ಮಾಡಿಕೊಟ್ವಿ. ಗ್ಯಾರಂಟಿ ಅಂತ ಎಲ್ಲಾದ್ರೂ ಬರ್ಕೊಟ್ಟಿದ್ದೀವಾ?" ಆಮೇಲೆ ಇನ್ನೊಂದು. "ಬೇರೆಯವರ ಹತ್ರ ತೋರಿಸಿದ್ರೆ ನಮ್ಮ ಜವಾಬ್ದಾರಿ ಇಲ್ಲ." ಈಗ ತಾನೇ ಯಾವ ಜವಾಬ್ದಾರಿ ಇದೆ ಅಂತ ಕೇಳಿದ್ದಕ್ಕೆ ಫೋನ್ ಬಂತು ಅಂತ ಎದ್ದು ಹೋದರು. ಟೀ ಅಲ್ಲೇ ಬಿಟ್ಟು ಬಂದೆ.

ಬಿಲ್ಲು? ಬಿಲ್ಲು ಬೇಕಂದರೆ 18% ಜಿಎಸ್‌ಟಿ ಸೇರುತ್ತೆ, ನಿಮಗ್ಯಾಕೆ ಸುಮ್ನೆ ಅಂತ ಒಂದು ಚೀಟಿ ಬರೆದುಕೊಟ್ಟಿದ್ದರು. ಅದರಲ್ಲಿ "ಫೈಬರ್ ವರ್ಕ್, ಮ್ಯಾಟ್ ಸಮೇತ" ಅಂತ ಅವರದೇ ಅಕ್ಷರ ಇದೆ. ಯುಪಿಐ ಲೆಕ್ಕ ಇದೆ, ವಾಟ್ಸಾಪ್ ಇದೆ, ಆ ಬಿಸ್ಕೆಟ್ ಚೂರನ್ನೂ ಕವರಿನಲ್ಲಿ ಹಾಕಿಟ್ಟಿದ್ದೇನೆ. 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದೊಳಗಿನ ಕೇಸಿಗೆ ಅಲ್ಲಿ ಫೀಸ್ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಕೇಸು ಹಾಕೋದಿರೋದರಿಂದ ಗ್ಯಾರೇಜಿನ ಹೆಸರು ಇಲ್ಲಿ ಬರೆಯುತ್ತಿಲ್ಲ, ಕೇಳಬೇಡಿ.

ನೀವು ಇಷ್ಟು ಮಾಡಿ. ಫೋಟೋದಲ್ಲಿ ನಂಬರ್ ಪ್ಲೇಟ್ ಇಲ್ಲದಿದ್ದರೆ ದುಡ್ಡು ಹಾಕಬೇಡಿ. ಮ್ಯಾಟ್ ಕೂರಿಸಿದ ದಿನ ಹೇಳದೆ ಕೇಳದೆ ಹೋಗಿ ನಿಲ್ಲಿ. ರೆಸಿನ್ ವಾಸನೆ ಮೂಗಿಗೆ ಹೊಡೆಯುತ್ತೆ, ಅದನ್ನು ಮುಚ್ಚಿಡೋಕೆ ಆಗಲ್ಲ. ತಗಡಿನ ಕಾರಾದರೆ ಮ್ಯಾಗ್ನೆಟ್ ಇಟ್ಟು ಪುಟ್ಟಿ ಹಿಡಿಯಬಹುದು. ಫೈಬರ್‌ನಲ್ಲಿ ಮ್ಯಾಗ್ನೆಟ್ ಎಲ್ಲೂ ಕಚ್ಚಲ್ಲ, ಈ ಕಳ್ಳರಿಗೆ ಅದೇ ಅನುಕೂಲ. ಹಾಗಾಗಿ ಹಿಂಭಾಗಕ್ಕೆ ಕೈ ಹಾಕಿ ನೋಡಿ. ಪ್ರೈಮರ್ ಬೀಳೋ ಮುಂಚೆ ನೋಡಿ. ಮಾಗಡಿ ರೋಡ್ ಕಡೆ "ಡಾಲ್ಫಿನ್ ಕಾಲದಿಂದ" ಅನ್ನೋರ ಹತ್ತಿರ ಈಗಾಗಲೇ ಕಾರು ಬಿಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ, ಫೋನ್ ಮಾಡಿ ಹೋಗಬೇಡಿ.