37ನೇ ಅಧ್ಯಾಯಕ್ಕಾದರೂ ಓದಿ

ರಾತ್ರಿ ಊಟವಾದ ಮೇಲೆ ಮಗಳಿಗೆ ಗಟ್ಟಿಯಾಗಿ ಓದಿ ಹೇಳಲು ‘ಹ್ಯಾರಿ ಪಾಟರ್ ಅಂಡ್ ದಿ ಆರ್ಡರ್ ಆಫ್ ದಿ ಫೀನಿಕ್ಸ್’ ಮತ್ತೆ ಕೈಗೆತ್ತಿಕೊಂಡೆ. 2003ರಲ್ಲಿ ಬಂದ ಈ ಐದನೇ ಪುಸ್ತಕ ಸರಣಿಯಲ್ಲೇ ದಪ್ಪನೆಯದು. ನಡುವೆ ಕೆಲವು ಕಡೆ ಕಥೆ ಎಳೆದಂತಿದೆ, ನಿಜ.

ಆದರೆ 37ನೇ ಅಧ್ಯಾಯ! ಅಪ್ಪನ ಗೆಳೆಯ, ತನಗೆ ಅಪ್ಪನಂತಿದ್ದ ಸಿರಿಯಸ್ ಸತ್ತ ಸಂಕಟದಲ್ಲಿ ಹ್ಯಾರಿ ತನ್ನ ಮಾಂತ್ರಿಕ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಕೋಣೆಯ ಸಾಮಾನುಗಳನ್ನೆಲ್ಲ ಒಡೆದು ಹಾಕುತ್ತಾನೆ. ಆಮೇಲೆ ಆ ಹಿರಿಯರು ಬಾಯಿ ಬಿಡುತ್ತಾರೆ: ಹ್ಯಾರಿ ಹುಟ್ಟುವ ಮೊದಲೇ ಒಂದು ಭವಿಷ್ಯವಾಣಿ ಇತ್ತು, ಅವನು ಮತ್ತು ಅವನ ಅಪ್ಪ-ಅಮ್ಮನನ್ನು ಕೊಂದ ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್, ಈ ಇಬ್ಬರಲ್ಲಿ ಒಬ್ಬರ ಕೈಯಲ್ಲೇ ಇನ್ನೊಬ್ಬರ ಸಾವು. ಹನ್ನೊಂದರ ವಯಸ್ಸಿನಲ್ಲೇ ಹುಡುಗ ಕೇಳಿದ್ದ, ವೋಲ್ಡೆಮಾರ್ಟ್ ನನ್ನನ್ನೇ ಯಾಕೆ ಕೊಲ್ಲಲು ಬಂದ ಅಂತ. ಇನ್ನೂ ಚಿಕ್ಕವನೆಂದು ಆಗ ಡಂಬಲ್‌ಡೋರ್ ಹೇಳಿರಲಿಲ್ಲ. ಪ್ರೀತಿಯಿಂದ ಮುಚ್ಚಿಟ್ಟೆ, ತಪ್ಪಾಯಿತು ಎಂದು ಮುದುಕರು ಕಣ್ಣೀರಿಡುವಾಗ ನನ್ನ ಗಂಟಲು ಕಟ್ಟಿತು. ಯುದ್ಧ ಹತ್ತಿರವಾದ ಮೇಲೆ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿದ ಕೃಷ್ಣ ನೆನಪಾದ.

ಏಳನೇ ಪುಸ್ತಕ ಓದದವರು ಇಲ್ಲಿಗೇ ನಿಲ್ಲಿಸಿ. ಅಷ್ಟೆಲ್ಲ ಒಪ್ಪಿಕೊಂಡ ರಾತ್ರಿಯೂ ಡಂಬಲ್‌ಡೋರ್ ಪೂರ್ತಿ ಸತ್ಯ ಹೇಳಿರುವುದಿಲ್ಲ. ವೋಲ್ಡೆಮಾರ್ಟ್‌ನ ಆತ್ಮದ ಚೂರು ಹ್ಯಾರಿಯೊಳಗೇ ಇದೆ, ಅದು ಹೋಗಬೇಕಾದರೆ ಹ್ಯಾರಿ ಸಾವಿಗೆ ಎದೆಯೊಡ್ಡಬೇಕು. ಇದು ಅವನಿಗೆ ತಿಳಿಯುವುದು ಕೊನೆಗೆ, ಶಾಲೆಯಲ್ಲಿ ಅವನಿಗೆ ಪಾಠ ಹೇಳಿದ್ದ ಸ್ನೇಪ್‌ನ ನೆನಪುಗಳಿಂದ. ಇದನ್ನು ತಿಳಿದು ಓದಿದಾಗ 37ನೇ ಅಧ್ಯಾಯದ ತೂಕ ಇಮ್ಮಡಿಯಾಗುತ್ತದೆ.

“ಅಮ್ಮ, ಈಗ ಎಲ್ಲಾ ಹೇಳಿಬಿಟ್ಟರಲ್ವಾ?” ಎಂದಳು ಮಗಳು. ನಾನು ಪುಟಕ್ಕೆ ಗುರುತು ಇಟ್ಟು ದೀಪ ಆರಿಸಿದೆ.