ದೀಪಸ್ತಂಭದ ಆಕಾರದ ಮೇಜಿನ ದೀಪ: ಮಸೂರಕ್ಕೆ ಪೂರ್ಣ ಅಂಕ

ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವ ನನಗೆ ಈ ದೀಪ ಉಡುಗೊರೆಯಾಗಿ ಬಂದಿದೆ. ಬುಡದಲ್ಲಿ ಮತ್ತಾಯನ ಸುವಾರ್ತೆಯ ‘ನೀವು ಲೋಕಕ್ಕೆ ಬೆಳಕಾಗಿದ್ದೀರಿ’ ಎಂಬ ವಚನ ಕೆತ್ತಿದ್ದಾರೆ. ಅಕ್ಷರಗಳು ಸ್ಫುಟವಾಗಿವೆ, ಬಣ್ಣ ಸುಮಾರು.

ಮೆಚ್ಚಬೇಕಾದದ್ದು ಮಸೂರ. ಇಂಥ ದೀಪಗಳಿಗೆ ಸಾಮಾನ್ಯವಾಗಿ ಬರೀ ಗಾಜಿನ ಕೊಳವೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇದರಲ್ಲಿ ಉಂಗುರ ಉಂಗುರವಾಗಿ ಮೆಟ್ಟಿಲುಗಳಿರುವ ಫ್ರೆನೆಲ್ ಮಸೂರದ ಪ್ಲಾಸ್ಟಿಕ್ ಮಾದರಿ ಇದೆ; ಬೆರಳಾಡಿಸಿದರೆ ಒಂದೊಂದು ಏಣೂ ತಾಗುತ್ತದೆ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಅಳವಡಿಸಿದ್ದು ಈ ಬಗೆಯ ಮಸೂರವನ್ನೇ. ಆ ಸ್ತಂಭದೊಳಗೆ ಒಂದು ಪ್ರಾರ್ಥನಾಲಯವೂ ಇದೆ ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. ಮಸೂರ ತಾನಾಗಿ ಬೆಳಕು ಹುಟ್ಟಿಸುವುದಿಲ್ಲ. ಚದುರಿಹೋಗುವ ಬೆಳಕನ್ನು ಒಗ್ಗೂಡಿಸಿ ದೂರಕ್ಕೆ ಕಳಿಸುತ್ತದೆ. ಇತರರಿಗೆ ದಾರಿ ತೋರುವ ಕ್ರೈಸ್ತನ ಕೆಲಸವೂ ಅಷ್ಟೇ, ಬೆಳಕು ಕ್ರಿಸ್ತನದು. ಮಕ್ಕಳಿಗೆ ಇದನ್ನು ಬರೀ ಮಾತಿನಲ್ಲಿ ಹೇಳುವುದು ಕಷ್ಟ. ಮಸೂರವನ್ನು ಒಮ್ಮೆ ತೆಗೆದು, ಮತ್ತೆ ಕೂರಿಸಿ, ಗೋಡೆಯ ಮೇಲೆ ಬೀಳುವ ಬೆಳಕನ್ನು ತೋರಿಸಿದರೆ ಸಾಕು.

ಕೊರತೆಯೂ ಇದೆ. ದೀಪ ಒಂದೇ ಸಮನೆ ಉರಿಯುತ್ತದೆ. ನಿಜವಾದ ದೀಪಸ್ತಂಭಗಳಿಗೆ ತಮ್ಮದೇ ಮಿನುಗಿನ ಲಯವಿರುತ್ತದೆ. ನಾವಿಕರು ಅದನ್ನು ಎಣಿಸಿ, ನಕಾಶೆಯೊಡನೆ ಹೋಲಿಸಿ, ತಾವೆಲ್ಲಿದ್ದೇವೆಂದು ತಿಳಿಯುತ್ತಾರೆ. ಪೆಟ್ಟಿಗೆಯ ಮೇಲಿನ ವಿವರಣೆಯಲ್ಲಿ ಶಾಂತಿ, ಆಸರೆ ಎಂಬ ಮಾತುಗಳಷ್ಟೇ ಇವೆ, ಬಂಡೆಯ ಸುದ್ದಿಯೇ ಇಲ್ಲ. ದೀಪಸ್ತಂಭ ಅಪಾಯವನ್ನೂ ಹೇಳುತ್ತದೆ. ಅದನ್ನು ಬಿಟ್ಟ ಮಾರ್ಗದರ್ಶನ ನನಗೆ ಒಪ್ಪಿಗೆಯಾಗದು.

ವೈರು ತುಸು ಗಿಡ್ಡ. ದೀಕ್ಷಾಸ್ನಾನ ಪಡೆದವರಿಗೆ ಉಡುಗೊರೆ ಕೊಡಲು ಧಾರಾಳವಾಗಿ ಕೊಳ್ಳಬಹುದು.