ಹಳೆ ಕಾರಿನ ರಿಪೇರಿಗೆ ಕಂಪನಿಯ ಮೂಲ ಮ್ಯಾನುಯಲ್: ದೀರ್ಘ ಬಳಕೆಯ ನಂತರದ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡಬಹುದು. ಹಳೆ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು ಹೊರಟವರು ಕಂಪನಿಯ ಮೂಲ ಮ್ಯಾನುಯಲ್ ಇಲ್ಲದೆ ಸ್ಪ್ಯಾನರ್ ಮುಟ್ಟಬಾರದು. ಆದರೆ ಅದೊಂದರಿಂದಲೇ ಕಾರು ಎದ್ದು ನಿಲ್ಲುತ್ತದೆ ಎಂದುಕೊಂಡರೆ ನಡುದಾರಿಯಲ್ಲಿ ಕೈಕೊಡುತ್ತದೆ. ಇವನ್ನು ಬರೆದದ್ದು ಡೀಲರ್ ವರ್ಕ್‌ಶಾಪಿನ ತರಬೇತಾದ ಮೆಕ್ಯಾನಿಕ್‌ಗೆ. ಅವನ ಮುಂದೆ ನಿಂತಿದ್ದದ್ದು ನಾಲ್ಕಾರು ವರ್ಷದ ಕಾರು, ಗೋಡೆಯ ಮೇಲೆ ಕಂಪನಿಯ ವಿಶೇಷ ಟೂಲುಗಳು, ಪಕ್ಕದ ಕೌಂಟರಿನಲ್ಲಿ ಹೊಸ ಬಿಡಿಭಾಗ. ಐವತ್ತು ವರ್ಷದ ತುಕ್ಕು, ಒಳಗೇ ಮುರಿದುಳಿದ ಸ್ಟಡ್ (ತಲೆಯಿಲ್ಲದ ಬೋಲ್ಟ್), ಹಿಂದಿನ ಮಾಲೀಕರು ಹೇಗೋ ಕೂರಿಸಿದ ಬೇರೆ ಮಾಡೆಲ್ಲಿನ ಗೇರ್‌ಬಾಕ್ಸ್, ಇವಕ್ಕೆ ಅದರಲ್ಲಿ ಪುಟವಿಲ್ಲ. ಅಂಕಿಗಳಿಗೆ ಅದನ್ನು ನಂಬಬೇಕು. ಬರೆದವರು ಯಾವುದನ್ನು ಗೊತ್ತಿರುವುದೇ ಎಂದು ಬಿಟ್ಟಿದ್ದಾರೋ ಅದನ್ನು ನಾವೇ ತುಂಬಿಕೊಳ್ಳಬೇಕು.

ಇನ್ನೊಂದು ಮಾತು, ಮ್ಯಾನುಯಲ್ ಎಂದರೆ ಒಂದೇ ಪುಸ್ತಕವಲ್ಲ. ವರ್ಕ್‌ಶಾಪ್ ಮ್ಯಾನುಯಲ್, ಪಾರ್ಟ್ಸ್ ಕ್ಯಾಟಲಾಗ್, ವೈರಿಂಗ್ ಡಯಾಗ್ರಾಂ, ಮಾಲೀಕರ ಕೈಪಿಡಿ, ಆಮೇಲೆ ಡೀಲರುಗಳಿಗೆ ಬಂದ ಸರ್ವಿಸ್ ಬುಲೆಟಿನ್‌ಗಳು, ಎಲ್ಲ ಸೇರಿ ಒಂದು ಸೆಟ್. ಜನರಲ್ ಮೋಟಾರ್ಸ್‌ನ ಹಳೆ ಕಾರುಗಳಿಗಂತೂ ಚಾಸಿಗೆ ಒಂದು ಪುಸ್ತಕ, ಕಾರಿನ ಬಾಡಿಗಾಗಿ ಬೇರೆಯದೇ ಫಿಶರ್ ಬಾಡಿ ಮ್ಯಾನುಯಲ್. ಮೊದಲನೆಯದನ್ನಷ್ಟೇ ಕೊಂಡವರು ಬಾಗಿಲ ಗಾಜು ಹೊಂದಿಸುವಾಗ ಪುಟ ತಿರುವಿ ತಿರುವಿ ಸುಸ್ತಾಗುತ್ತಾರೆ.

ಒಂದಕ್ಕೇ ದುಡ್ಡಿದ್ದರೆ ಯಾವುದು? ಹೆಚ್ಚಿನವರು ವರ್ಕ್‌ಶಾಪ್ ಮ್ಯಾನುಯಲ್ ಎನ್ನುತ್ತಾರೆ. ಪೂರ್ತಿ ಬಿಚ್ಚುವ ಕೆಲಸಕ್ಕೆ ಪಾರ್ಟ್ಸ್ ಕ್ಯಾಟಲಾಗ್ ಮೊದಲು ಬೇಕು ಎನ್ನುವುದು ಇಲ್ಲಿನ ಅಭಿಪ್ರಾಯ. ವರ್ಕ್‌ಶಾಪ್ ಪುಸ್ತಕ "ಹಬ್ ತೆಗೆಯಿರಿ" ಎಂದು ಒಂದು ಸಾಲಿನಲ್ಲಿ ಮುಗಿಸುವಲ್ಲಿ, ಕ್ಯಾಟಲಾಗಿನ ಬಿಡಿಸಿಟ್ಟ ಚಿತ್ರದಲ್ಲಿ ಬೇರಿಂಗ್, ಸ್ಪೇಸರ್, ಶಿಮ್ (ಅಂತರ ಹೊಂದಿಸುವ ತೆಳು ತಗಡು), ಸೀಲ್, ವಾಷರ್ ಎಲ್ಲವೂ ಎಷ್ಟೆಷ್ಟು ಎಂಬ ಲೆಕ್ಕದೊಂದಿಗೆ ಇರುತ್ತವೆ. ಹಿಂದಿನ ರಿಪೇರಿಯಲ್ಲಿ ಕಳೆದುಹೋದ ಶಿಮ್ ಪತ್ತೆಯಾಗುವುದು ಇಲ್ಲಿಯೇ. ಬೋಲ್ಟುಗಳ ಥ್ರೆಡ್ ಮತ್ತು ಉದ್ದವೂ ಅನೇಕ ಕ್ಯಾಟಲಾಗುಗಳಲ್ಲಿ ಸಿಗುತ್ತದೆ. ಬ್ರಿಟಿಷ್ ಕಾರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಎಂಜಿ ಕಂಪನಿಯ ಟಿ ಸರಣಿ ಕಾರುಗಳ ಎಕ್ಸ್‌ಪಿಎಜಿ ಎಂಜಿನ್‌ನಲ್ಲಿ ಬೋಲ್ಟಿನ ಥ್ರೆಡ್ ಮೆಟ್ರಿಕ್, ತಲೆಗೆ ಹಾಕುವ ಸ್ಪ್ಯಾನರ್ ಮಾತ್ರ ವಿಟ್‌ವರ್ತ್ ಎಂಬ ಹಳೆ ಬ್ರಿಟಿಷ್ ಅಳತೆಯದು! ಸ್ಪ್ಯಾನರ್ ನೋಡಿ ಥ್ರೆಡ್ ಊಹಿಸಿದವರು ಬ್ಲಾಕಿನ ಥ್ರೆಡ್ ತಿಂದುಹಾಕುತ್ತಾರೆ.

ಕ್ಯಾಟಲಾಗಿನ ಎರಡನೆಯ ಬೆಲೆ ಅದರ "ಇಂಥ ನಂಬರಿನಿಂದ, ಇಂಥ ನಂಬರಿನವರೆಗೆ" ಎಂಬ ಕಾಲಂ. ಕಂಪನಿಗಳು ಭಾಗಗಳನ್ನು ವರ್ಷದ ಮಧ್ಯದಲ್ಲೇ ಬದಲಿಸುತ್ತಿದ್ದವು, ಹಾಗಾಗಿ ತಯಾರಾದ ವರ್ಷ ನೋಡಿ ಭಾಗ ತರಿಸಬಾರದು, ಚಾಸಿ ನಂಬರ್ ನೋಡಿ ತರಿಸಬೇಕು. ಎಂಜಿನ್ ಭಾಗಗಳಿಗೆ ಎಂಜಿನ್ ನಂಬರ್, ಆಕ್ಸಲ್ ಭಾಗಗಳಿಗೆ ಆಕ್ಸಲ್ ನಂಬರ್. ಇಷ್ಟು ವಯಸ್ಸಿನ ಕಾರಿನಲ್ಲಿ ಇವು ಮೂರೂ ಒಂದೇ ಕಾಲದವಾಗಿರುತ್ತವೆ ಎಂಬ ಭರವಸೆ ಇಲ್ಲ. ಮೊದಲ ದಿನವೇ ಎಲ್ಲ ನಂಬರುಗಳನ್ನೂ ಉಜ್ಜಿ ಓದಿ, ಕ್ಯಾಟಲಾಗಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಮುಂದೆ ತಲೆನೋವಿಲ್ಲ. ಒಂದು ಎಚ್ಚರಿಕೆ ಮಾತ್ರ ಉಂಟು. ಕ್ಯಾಟಲಾಗಿನ ಚಿತ್ರ ಭಾಗವನ್ನು ಗುರುತಿಸಲು ಬರೆದದ್ದು, ಜೋಡಿಸಲು ಅಲ್ಲ. ವಾಷರುಗಳ ಸಾಲು, ಸೀಲಿನ ಮುಖ ಚಿತ್ರದಲ್ಲಿ ಅದಲುಬದಲಾಗಿರಬಹುದು. ಆ ಪ್ರಶ್ನೆಗೆ ವರ್ಕ್‌ಶಾಪ್ ಪುಸ್ತಕದ ಅಡ್ಡಕೊಯ್ತದ ಚಿತ್ರವೇ ಸಾಕ್ಷಿ.

ಇನ್ನು ಟಾರ್ಕ್ ಕೋಷ್ಟಕ, ಅಂದರೆ ಯಾವ ಬೋಲ್ಟನ್ನು ಎಷ್ಟು ಬಲದಿಂದ ತಿರುಗಿಸಿ ಬಿಗಿಯಬೇಕು ಎಂಬ ಪಟ್ಟಿ. ಮ್ಯಾನುಯಲ್ ತನ್ನ ಬೆಲೆಯನ್ನು ಇದೊಂದರಲ್ಲೇ ವಾಪಸ್ ಕೊಡುತ್ತದೆ, ಅತಿ ಹೆಚ್ಚು ಹಾಳಾಗುವುದೂ ಇಲ್ಲೇ. ಎಂಜಿಬಿ ಕಾರಿನ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ನಟ್‌ಗಳಿಗೆ 45ರಿಂದ 50 ಪೌಂಡ್-ಅಡಿ, ಅಂದರೆ ಸುಮಾರು 61ರಿಂದ 68 ನ್ಯೂಟನ್ ಮೀಟರ್. ಪೌಂಡ್-ಅಡಿಯನ್ನು 1.356ರಿಂದ, ಹಳೆ ಜರ್ಮನ್ ಮತ್ತು ಜಪಾನಿ ಪುಸ್ತಕಗಳ ಕೆ.ಜಿ.-ಮೀಟರನ್ನು 9.81ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಬರುತ್ತದೆ. ಅಮೆರಿಕದ ಪುಸ್ತಕಗಳಲ್ಲಿ ಸಣ್ಣ ಬೋಲ್ಟುಗಳಿಗೆ ಪೌಂಡ್-ಇಂಚು ಬಳಸುತ್ತಾರೆ. 72 ಪೌಂಡ್-ಇಂಚು ಎಂದರೆ ಬರೀ 6 ಪೌಂಡ್-ಅಡಿ. ಇದನ್ನು ಗಮನಿಸದೆ ಎಳೆದರೆ ಬೋಲ್ಟು ಕೈಗೇ ಬರುತ್ತದೆ.

ಅಂಕಿ ಸರಿ ಇದ್ದರೂ ಥ್ರೆಡ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಪುಸ್ತಕ ಬಹಳ ಸಲ ಹೇಳುವುದಿಲ್ಲ. ನಾವು ಹಾಕುವ ಟಾರ್ಕಿನಲ್ಲಿ ಸರಿಸುಮಾರು ಹತ್ತನೇ ಒಂದು ಪಾಲಷ್ಟೇ ಬೋಲ್ಟನ್ನು ಎಳೆದು ಬಿಗಿಯುತ್ತದೆ, ಉಳಿದದ್ದು ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ತುಕ್ಕು ಹಿಡಿದ ಥ್ರೆಡ್‌ನಲ್ಲಿ ವ್ರೆಂಚ್ ಟಕ್ ಎಂದರೂ ಹೆಡ್ ಸಡಿಲವೇ. ಅದೇ ಥ್ರೆಡ್ಡಿಗೆ ಮಾಲಿಬ್ಡಿನಂ ಗ್ರೀಸ್ ಬಳಿದರೆ ಅದೇ ಅಂಕಿಗೆ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ. ಥ್ರೆಡ್ ಸ್ವಚ್ಛಗೊಳಿಸಿ, ಪುಸ್ತಕ ಎಣ್ಣೆ ಹಚ್ಚಿ ಎಂದಲ್ಲಿ ಎಂಜಿನ್ ಎಣ್ಣೆ ಮಾತ್ರ ತೆಳುವಾಗಿ ಹಚ್ಚಿ, ಮೂರು ಹಂತಗಳಲ್ಲಿ ಬಿಗಿಯುವುದು ಕ್ರಮ. ಹೊಸ ನಮೂನೆಯ ಹೆಡ್ ಗ್ಯಾಸ್ಕೆಟ್ ಹಾಕಿದ್ದರೆ ಗ್ಯಾಸ್ಕೆಟ್ ತಯಾರಕರ ಸೂಚನೆಯೇ ಮೇಲು, ಮೂಲ ಅಂಕಿ ಬರೆದದ್ದು ಆ ಕಾಲದ ಗ್ಯಾಸ್ಕೆಟ್ಟಿಗೆ.

ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಆಕ್ಸಲ್‌ನ 36 ಮಿ.ಮೀ. ನಟ್‌ಗೆ 217 ಪೌಂಡ್-ಅಡಿ ಬೇಕು, ಸುಮಾರು 294 ನ್ಯೂಟನ್ ಮೀಟರ್. ಸಾಮಾನ್ಯ ಟಾರ್ಕ್ ವ್ರೆಂಚ್ ಅಲ್ಲಿಗೆ ಮುಟ್ಟುವುದಿಲ್ಲ. "ಸಾಕಷ್ಟು ಬಿಗಿ" ಎಂದು ಬಿಟ್ಟರೆ ಡ್ರಮ್ಮಿನ ಒಳಹಲ್ಲುಗಳು ಸವೆದು ಕೊನೆಗೆ ಚಕ್ರ ಆಕ್ಸಲ್ ಮೇಲೆ ಸುಮ್ಮನೆ ತಿರುಗುತ್ತದೆ. ಕಾಟರ್ ಪಿನ್ನಿನ ತೂತು ಸೇರದಿದ್ದರೆ ಮುಂದಿನ ತೂತಿನವರೆಗೆ ಇನ್ನೂ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು.

"ಜೋಡಣೆ, ಬಿಚ್ಚಿದ್ದರ ಹಿಮ್ಮುಖ ಕ್ರಮದಲ್ಲಿ." ಈ ಸಾಲು ಕಂಡಲ್ಲೆಲ್ಲ ಒಂದು ಪ್ರಶ್ನೆ ಹಾಕಿಕೊಳ್ಳಿ, ಇಲ್ಲಿ ಏನನ್ನು ನುಂಗಿದ್ದಾರೆ? ಉದಾಹರಣೆಗೆ ಸಸ್ಪೆನ್ಷನ್ನಿನ ರಬ್ಬರ್ ಬುಷ್. ಕಾರು ಜಾಕಿನ ಮೇಲೆ ನೇತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ ಮತ್ತು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ನಂತರವೇ ಕೊನೆಯ ಬಿಗಿತ ಎಂಬುದು ಪುಸ್ತಕದಲ್ಲಿದ್ದರೂ ಅರ್ಧ ವಾಕ್ಯದಲ್ಲಿ, ಬೇರೆ ಅಧ್ಯಾಯದಲ್ಲಿ ಇರುತ್ತದೆ. ಹಾಗೆಯೇ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಸಡಿಲವಾಗುವಂಥದ್ದು. ಕ್ರೈಸ್ಲರ್ ಕಾರುಗಳ ಎಡಬದಿಯ ಚಕ್ರದ ನಟ್‌ಗಳು ಸುಮಾರು 1970ರವರೆಗೂ ಉಲ್ಟಾ ಥ್ರೆಡ್ಡಿನವು. ಬರುತ್ತಿಲ್ಲವೆಂದು ಉದ್ದನೆಯ ಪೈಪ್ ಹಾಕಿ ಎಳೆದರೆ ಸ್ಟಡ್ ಕತ್ತರಿಸುವುದು ಖಚಿತ.

ಅಳತೆಗಳ ವಿಷಯದಲ್ಲಿ ಜರ್ಮನ್ ಮತ್ತು ಜಪಾನಿ ಪುಸ್ತಕಗಳು ಮೇಲು. ಹೊಸ ಭಾಗದ ಅಳತೆ, ಸವಕಳಿಯ ಮಿತಿ ಎಂದು ಎರಡು ಕಾಲಂ ಕೊಡುತ್ತವೆ. ಬ್ರಿಟಿಷ್ ಪುಸ್ತಕಗಳಲ್ಲಿ ಎಷ್ಟೋ ಕಡೆ ಹೊಸದರ ಅಂಕಿ ಮಾತ್ರ, ಎಲ್ಲಿಯವರೆಗೆ ಸವೆದರೆ ನಡೆದೀತು ಎಂಬುದು ಓದುಗನ ಪಾಲಿಗೆ ಬಿಟ್ಟದ್ದು.

ವಿಶೇಷ ಟೂಲುಗಳ ನಂಬರ್ ನೋಡಿ ಹೆದರಬೇಕಿಲ್ಲ. ಬ್ರಿಟನ್ನಿನ ಬಿಎಂಸಿ ಕಂಪನಿಯ ಪುಸ್ತಕಗಳಲ್ಲಿ 18ಜಿ ಎಂದು ಶುರುವಾಗುವ ನಂಬರ್ ಕಂಡರೆ, ಆ ಟೂಲು ಎಳೆಯುತ್ತದೆಯೇ, ಒತ್ತುತ್ತದೆಯೇ, ಹಿಡಿದಿಡುತ್ತದೆಯೇ, ನೇರಕ್ಕೆ ತರುತ್ತದೆಯೇ ಎಂದು ಚಿತ್ರದಲ್ಲಿ ನೋಡಿದರೆ ಸಾಕು. ಕ್ಲಚ್ ಪ್ಲೇಟ್ ನೇರಕ್ಕೆ ಕೂರಿಸಲು ಹಳೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಚೆನ್ನಾಗಿ ಒದಗುತ್ತದೆ. ಕಾಯಿಲ್ ಸ್ಪ್ರಿಂಗ್ ಒತ್ತುವ ಟೂಲಿಗೆ ಮಾತ್ರ ಬದಲಿ ಹುಡುಕಬೇಡಿ, ತಪ್ಪಿದರೆ ಜೀವಕ್ಕೇ ಅಪಾಯ.

ಕೆಲವು ಪುಟಗಳನ್ನು ಇಂದು ಪಾಲಿಸಲೇಬಾರದು. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ ಎನ್ನುವ ಪುಸ್ತಕಗಳಿವೆ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಇಗ್ನಿಷನ್ ಟೈಮಿಂಗ್ ಅಂಕಿ ಸೀಸ ಬೆರೆತ ಪೆಟ್ರೋಲಿನ ಕಾಲದ್ದು, ಇಂದಿನ ಪೆಟ್ರೋಲಿನಲ್ಲಿ ಎಂಜಿನ್ ಬಡಿದುಕೊಂಡರೆ ಒಂದೆರಡು ಡಿಗ್ರಿ ಹಿಂದಕ್ಕೆ ಸರಿಸಬೇಕು. ಗೇರ್‌ಬಾಕ್ಸಿಗೆ ಬರೀ "90 ಇಪಿ" ಎಂದಿದ್ದರೆ ಕಣ್ಣುಮುಚ್ಚಿ ಜಿಎಲ್-5 ದರ್ಜೆಯ ಎಣ್ಣೆ ಸುರಿಯಬೇಡಿ, ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನುತ್ತದೆ. ಅಲ್ಲಿ ಜಿಎಲ್-4 ಸುರಕ್ಷಿತ. ದ್ರವಗಳ ಪುಟವನ್ನು ಮಾತ್ರ ಅಕ್ಷರಶಃ ಪಾಲಿಸಬೇಕಾದ ಕಾರು ಸಿಟ್ರೊಯೆನ್ ಡಿಎಸ್. ಮೊದಲಿನವಕ್ಕೆ ಕೆಂಪು ಎಲ್‌ಎಚ್‌ಎಸ್, ನಂತರದವಕ್ಕೆ ಹಸಿರು ಎಲ್‌ಎಚ್‌ಎಂ. ಒಂದರ ಬದಲು ಇನ್ನೊಂದು ಬಿದ್ದರೆ ಇಡೀ ಹೈಡ್ರಾಲಿಕ್ ವ್ಯವಸ್ಥೆಯ ಸೀಲುಗಳು ಹೋದವೆಂದೇ ಲೆಕ್ಕ.

ವೈರಿಂಗ್ ಡಯಾಗ್ರಾಂ ವಿದ್ಯುತ್ ಹರಿಯುವ ದಾರಿ ತೋರಿಸುತ್ತದೆ, ವೈರ್ ಕಾರಿನೊಳಗೆ ಎಲ್ಲಿ ಹಾಯ್ದಿದೆ ಎಂಬುದನ್ನಲ್ಲ. ಆದ್ದರಿಂದ ಹಾರ್ನೆಸ್ (ವೈರುಗಳ ಕಟ್ಟು) ತೆಗೆಯುವ ಮೊದಲೇ ಪ್ರತಿ ಕೊನೆಗೂ ಚೀಟಿ ಕಟ್ಟಿ ಫೋಟೋ ತೆಗೆಯಬೇಕು. ಬ್ರಿಟಿಷ್ ಕಾರುಗಳ ಲೂಕಾಸ್ ಕಂಪನಿಯ ವೈರ್ ಬಣ್ಣಗಳು ಬಾಯಿಪಾಠವಾದರೆ ಅರ್ಧ ಕೆಲಸ ಹಗುರ: ಕಂದು ನೇರ ಬ್ಯಾಟರಿಯಿಂದ, ಬಿಳಿ ಇಗ್ನಿಷನ್ ಸ್ವಿಚ್ಚಿನಿಂದ, ಹಸಿರು ಅದೇ ಫ್ಯೂಸ್ ದಾಟಿದ ಮೇಲೆ, ನೇರಳೆ ಸದಾ ಕರೆಂಟಿರುವ ಫ್ಯೂಸಿನದು, ಕಪ್ಪು ಅರ್ಥ್. ಹಳೆ ಎಂಜಿಬಿಯಂಥ ಕಾರುಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹಕ್ಕೆ ಜೋಡಿಸಿದ್ದು) ಇತ್ತು, ನಂತರದವಲ್ಲಿ ನೆಗೆಟಿವ್. ಬೇರೆ ವರ್ಷದ ಡಯಾಗ್ರಾಂ ಹಿಡಿದು ಬ್ಯಾಟರಿ ಜೋಡಿಸಿದರೆ ಆಲ್ಟರ್ನೇಟರ್ ಡಯೋಡು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಬಾಡಿ ಅಳತೆಯ ಪುಟ ಚಿಕ್ಕದು, ಆದರೆ ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಲೋಹದ ಭಾಗ) ಕತ್ತರಿಸುವ ಮೊದಲು ಅದನ್ನು ಓದದವರಿಗೆ ಬಾಗಿಲು ಮತ್ತೆ ಮುಚ್ಚುವುದಿಲ್ಲ. ಕತ್ತರಿಸುವ ಮೊದಲು ಬಾಗಿಲ ಜಾಗದ ಎರಡೂ ಕರ್ಣಗಳನ್ನು ಅಳೆದು, ಅಡ್ಡಕ್ಕೆ ಪೈಪ್ ವೆಲ್ಡ್ ಮಾಡಿ, ಬಾಗಿಲು ನೇತುಹಾಕಿಯೇ ಹೊಸ ಸಿಲ್ ಹಿಡಿಸಬೇಕು.

ಕೊಳ್ಳುವವರಿಗೆ: ಮೂಲ ಪ್ರತಿ, ಮರುಮುದ್ರಣ, ಸ್ಕ್ಯಾನ್ ಮೂರರಲ್ಲಿ ಒಳ್ಳೆಯ ಮರುಮುದ್ರಣವೇ ಗ್ಯಾರೇಜಿಗೆ ಸಾಕು. ಸಾಧ್ಯವಾದರೆ ನಿಮ್ಮ ಕಾರಿನ ಕಾಲದ ಆವೃತ್ತಿಯ ಜೊತೆಗೆ ಅತ್ಯಂತ ಕೊನೆಯ ಆವೃತ್ತಿಯೂ ಇರಲಿ, ಕಂಪನಿಯೇ ತಿದ್ದಿದ ಅಂಕಿಗಳು ಕೊನೆಯದರಲ್ಲಿ ಸಿಗುತ್ತವೆ. ಬೀಟಲ್ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೆ ಬಿಡಬೇಕಾದ ಸಂದು) ಹಳೆ ಮುದ್ರಣಗಳಲ್ಲಿ 0.10 ಮಿ.ಮೀ., ನಂತರದವಲ್ಲಿ 0.15 ಮಿ.ಮೀ. ಸ್ಕ್ಯಾನ್ ಪ್ರತಿಯಾದರೆ ದುಡ್ಡು ಕೊಡುವ ಮೊದಲು ಮೂರು ಕಡೆ ನೋಡಿ: ಮಡಚುವ ವೈರಿಂಗ್ ಪುಟ ಅಂಚಿನಲ್ಲಿ ಕತ್ತರಿಸಿಹೋಗಿದೆಯೇ, ಟಾರ್ಕ್ ಕೋಷ್ಟಕದಲ್ಲಿ 6 ಮತ್ತು 8 ಬೇರೆಬೇರೆಯಾಗಿ ಕಾಣುತ್ತವೆಯೇ, ದಶಮಾಂಶದ ಚುಕ್ಕಿ ಉಳಿದಿದೆಯೇ. ಅನುಮಾನ ಬಂದ ಅಂಕಿಯನ್ನು ಮೇಲೆ ಹೇಳಿದಂತೆ ಗುಣಿಸಿ, ಅದೇ ಸಾಲಿನ ಇನ್ನೊಂದು ಅಳತೆಮಾನದ ಅಂಕಿಯೊಂದಿಗೆ ತಾಳೆ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.